ಕಣ್ಣಿಗೆ ಬಿದ್ದ ಹೂವು, ಗಂಟೆಗೊಂದು ಹನಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಮಾತಿದೆ: "ಅವರ ಕಣ್ಣಿಗೆ ಹೂವು ಬಿದ್ದಿದೆ." ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ನನಗೆ ಈ ನುಡಿಗಟ್ಟು ನೆನಪಾದಾಗಲೆಲ್ಲ ನಮ್ಮ ಹಿರಿಯರ ಮಾತಿನ ಮೆದುತನ ಬೆರಗು ಹುಟ್ಟಿಸುತ್ತದೆ. ಕಪ್ಪುಗುಡ್ಡೆಯ ಮೇಲೆ ಕುಳಿತ ಬಿಳಿಯ ಕಲೆ, ಅದರಿಂದ ಮಂಕಾದ ನೋಟ, ಕೆಲವರಿಗಂತೂ ಪೂರ್ತಿ ಕುರುಡು. ಅಷ್ಟು ದೊಡ್ಡ ನಷ್ಟಕ್ಕೆ ಹೂವೆಂಬ ಹೆಸರು! ನನ್ನ ಬಾಲ್ಯದಲ್ಲಿ ನಮ್ಮ ಊರಿನಲ್ಲಿ ಹೂವು ಬಿದ್ದ ಕಣ್ಣಿನವರು ನಾಲ್ಕೈದು ಮಂದಿಯಾದರೂ ಇದ್ದರು. ಕೆಲವರದು ಸಿಡುಬಿನ ಕೊಡುಗೆ. ಉಳಿದವರದು ಹೇಗಾಯಿತೆಂದು ಕೇಳಿದರೆ "ಸುಗ್ಗಿಯಲ್ಲಿ ಕಣ್ಣಿಗೇನೋ ಬಿತ್ತು, ಹಾಗೇ ಆಯಿತು" ಎನ್ನುತ್ತಿದ್ದರು. ಆ "ಹಾಗೇ ಆಯಿತು" ಎಂಬ ಮಾತಿನೊಳಗೆ ಏನೇನು ಅಡಗಿತ್ತೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಸುಗ್ಗಿಯ ಕಾಲದಲ್ಲಿ ಕಣ್ಣಿಗೆ ಬೀಳುವ ವಸ್ತುಗಳಿಗೆ ಕೊರತೆಯಿಲ್ಲ. ಕಣದಲ್ಲಿ ಭತ್ತ ತೂರುವಾಗ ಹಾರುವ ಹೊಟ್ಟು, ಜೋಳದ ಸುಂಕು, ಕಬ್ಬಿನ ಗರಿಯ ಗರಗಸದಂಥ ಅಂಚು, ಹಸು ಬೀಸುವ ಬಾಲದ ಕೂದಲು ಸಹ. ಕಪ್ಪುಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪರದೆಯಿದೆ. ವೈದ್ಯರು ಅದನ್ನು ಕಾರ್ನಿಯಾ ಎನ್ನುತ್ತಾರೆ. ಗರಿ ಗೀರಿದರೆ ಅದರ ಮೇಲೆ ಬೀಳುವ ಗಾಯ ಬಹಳ ಚಿಕ್ಕದು. ಆದರೆ ಗರಿಯೊಡನೆ ಬಂದ ಬೂಷ್ಟಿನ ಕಣ ಆ ಗಾಯದಲ್ಲಿ ಬೇರೂರಿದರೆ ಅದು ಹುಣ್ಣಾಗುತ್ತದೆ. ಹಳೆಯ ರೊಟ್ಟಿಯ ಮೇಲೆ, ತೇವ ಹಿಡಿದ ಹುಲ್ಲಿನ ಮೇಲೆ ಬೆಳೆಯುವ ಬೂಷ್ಟಿನ ಬಳಗವೇ ಇದು. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಎರಡು ಶಿಲೀಂಧ್ರಗಳು ಇದರಲ್ಲಿ ಮುಖ್ಯವಾದವು. ಚಳಿಯ ದೇಶಗಳಲ್ಲಿ ಇಂಥ ಹುಣ್ಣು ಅಪರೂಪ. ದಕ್ಷಿಣ ಭಾರತದ ಬೇಸಾಯಗಾರರಲ್ಲಿ ಮಾತ್ರ ಇದು ಬ್ಯಾಕ್ಟೀರಿಯಾದಿಂದಾಗುವ ಹುಣ್ಣಿಗೆ ಹೆಚ್ಚುಕಡಿಮೆ ಸರಿಸಮನಾಗಿ ಕಾಣಿಸಿಕೊಳ್ಳುತ್ತದೆ.

ಈ ವಿಷಯ ನಮ್ಮ ಮನೆಯೊಳಕ್ಕೆ ಬಂದದ್ದು 2011ರ ಜನವರಿಯಲ್ಲಿ. ಊರಿನಲ್ಲಿ ಕಬ್ಬು ಕಡಿಸುತ್ತಿದ್ದಾಗ ನಮ್ಮ ಅತ್ತಿಗೆಯವರ ಬಲಗಣ್ಣಿಗೆ ಗರಿಯೊಂದು ಸವರಿಕೊಂಡು ಹೋಯಿತು. ಆಗ ಅವರಿಗೆ ಅರವತ್ತೆಂಟು ವರ್ಷ. ಮೊದಲ ದಿನ ನಂದಬಟ್ಟಲು ಹೂವಿನ ರಸ ಬಿಟ್ಟರು. ಮೂರನೆಯ ದಿನ ಪಕ್ಕದ ಊರಿನ ಔಷಧದಂಗಡಿಯಿಂದ ಯಾವುದೋ ಹನಿ ತರಿಸಿದರು. ಅದನ್ನು ಹಾಕಿದ ಮೇಲೆ ಎರಡು ದಿನ ಕೆಂಪು ಇಳಿಯಿತು, ಉರಿ ಕಡಿಮೆಯಾಯಿತು. "ಒಳ್ಳೆ ಔಷಧಿ" ಎಂದು ಎಲ್ಲರೂ ಸಮಾಧಾನಗೊಂಡರು. ಮರುದಿನ ರಾತ್ರಿ ನೋವು ಕಿತ್ತುಕೊಂಡು ಬಂದಿತು. ಬೆಳಗಾದಾಗ ಬೆಳಕಿನ ಕಡೆ ಕಣ್ಣು ತೆರೆಯಲಾರದ ಸ್ಥಿತಿ. ಅಣ್ಣನಿಂದ ಫೋನು ಬಂದ ದಿನವೇ ಅವರನ್ನು ಮೈಸೂರಿಗೆ ಕರೆಸಿಕೊಂಡು ಕಣ್ಣಾಸ್ಪತ್ರೆಗೆ ಕರೆದೊಯ್ದೆ.

ಅಲ್ಲಿಯ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಮೇಲ್ಪದರವನ್ನು ನಯವಾಗಿ ಕೆರೆದು, ಅದನ್ನು ಗಾಜಿನ ತುಣುಕಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬೆರೆಸಿ ಸೂಕ್ಷ್ಮದರ್ಶಕದಡಿ ಇಟ್ಟರು. ನಾನು ಮೇಷ್ಟ್ರೆಂದು ತಿಳಿದು ನನ್ನನ್ನೂ ಕರೆದು ತೋರಿಸಿದರು. ತೆಳ್ಳನೆಯ ಎಳೆಗಳು ಕವಲೊಡೆದು ಹುಲ್ಲಿನ ಬೇರಿನಂತೆ ಹರಡಿದ್ದವು. "ಬೂಷ್ಟಿನ ಎಳೆಗಳು ಸರ್. ಇವು ಕಣ್ಣಿನೊಳಕ್ಕೆ ಇಳಿಯುತ್ತಿವೆ" ಎಂದರು. ಅಂಗಡಿಯ ಬಾಟಲಿಯನ್ನು ಕೇಳಿ ಪಡೆದು ಅದರ ಮೇಲಿನ ಅಕ್ಷರಗಳನ್ನು ಓದಿದಾಗ ಅವರ ಮುಖ ಗಂಭೀರವಾಯಿತು. ಅದರಲ್ಲಿ ಬ್ಯಾಕ್ಟೀರಿಯಾನಾಶಕದೊಡನೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಸೇರಿತ್ತು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಣ್ಣು ಕೆಂಪಾಗುವುದು, ಉರಿಯುವುದು ದೇಹ ರೋಗದೊಡನೆ ಹೋರಾಡುತ್ತಿರುವುದರ ಗುರುತು. ಸ್ಟಿರಾಯ್ಡ್ ಆ ಹೋರಾಟವನ್ನು ಅಡಗಿಸುತ್ತದೆ. ಕೆಂಪು ಇಳಿಯುವುದರಿಂದ ರೋಗಿಗೆ ಹಾಯೆನಿಸುತ್ತದೆ. ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳ ತಿರುಗಾಡುವಂತೆ ಶಿಲೀಂಧ್ರ ಅಷ್ಟರಲ್ಲಿ ಸಲೀಸಾಗಿ ಆಳಕ್ಕೆ ಇಳಿಯುತ್ತದೆ. ಇಂಥ ಮದ್ದುಗಳ ಹೆಸರನ್ನು ವ್ಯಾಕರಣದ ಮೇಷ್ಟ್ರಾಗಿ ನಾನು ಪ್ರತ್ಯಯ ನೋಡಿ ಗುರುತಿಡುತ್ತೇನೆ: ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್. ಎಲ್ಲ ಸ್ಟಿರಾಯ್ಡುಗಳ ಹೆಸರೂ ಹೀಗೆ ಮುಗಿಯುವುದಿಲ್ಲವಾದರೂ, ಕಣ್ಣಿನ ಹನಿಯ ಹೆಸರಿನ ಕೊನೆಗೆ "ಸೋನ್", "ಲೋನ್" ಕಂಡರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಮುಟ್ಟದಿರುವುದು ಒಳಿತು. ಇವು ಕೆಟ್ಟ ಔಷಧಗಳೆಂದಲ್ಲ. ಬೇರೆ ಎಷ್ಟೋ ಕಣ್ಣಿನ ರೋಗಗಳಿಗೆ ಇವೇ ಬೇಕು. ಆದರೆ ಬೂಷ್ಟಿನ ಹುಣ್ಣಿಗೆ ಇವು ಗೊಬ್ಬರವಾಗುತ್ತವೆ.

ಅತ್ತಿಗೆಯವರಿಗೆ ಬರೆದುಕೊಟ್ಟದ್ದು ನಟಮೈಸಿನ್ ಎಂಬ ಶೇಕಡ 5ರ ಹನಿ. ಹಾಲಿನಂತೆ ಬೆಳ್ಳಗಿನ ಔಷಧ. ಅದರ ಹುಟ್ಟಿನ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡಾಗ ನನಗೆ ರೋಮಾಂಚನವಾಯಿತು. 1955ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಇದನ್ನು ಬೇರ್ಪಡಿಸಿದರು. ಆ ಮಣ್ಣು ಪೀಟರ್‌ಮರಿಟ್ಸ್‌ಬರ್ಗ್ ಎಂಬ ಊರಿನದು. ಅದಕ್ಕಾಗಿಯೇ ಇದಕ್ಕೆ ಪಿಮರಿಸಿನ್ ಎಂಬ ಇನ್ನೊಂದು ಹೆಸರೂ ಉಂಟು. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಕೆಳಗೆ ದಬ್ಬಿದ ಊರು ಅದೇ! ವಿದೇಶಗಳಲ್ಲಿ ಚೀಸಿಗೆ ಬೂಷ್ಟು ಹಿಡಿಯದಂತೆ ಸವರುವುದೂ ಇದೇ ವಸ್ತುವನ್ನು. ಅನಂತರ ಇದಕ್ಕಿಂತ ಹೊಸ ಔಷಧಗಳು ಬಂದವು. ಹೊಸದು ಮೇಲೋ ಹಳೆಯದು ಮೇಲೋ ಎಂದು ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಬಳಗದಲ್ಲಿ 323 ರೋಗಿಗಳ ಮೇಲೆ ಹೋಲಿಸಿ ನೋಡಿದರು. 2013ರಲ್ಲಿ ಫಲಿತಾಂಶ ಪ್ರಕಟವಾದಾಗ ಹಳೆಯ ನಟಮೈಸಿನ್ನೇ, ಅದರಲ್ಲೂ ಫ್ಯುಸೇರಿಯಂ ಹುಣ್ಣಿನಲ್ಲಿ, ವೊರಿಕೊನಜೋಲ್ ಎಂಬ ಹೊಸ ಹನಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಷ್ಟು ಒಳ್ಳೆಯ ಔಷಧಕ್ಕೂ ಒಂದು ದೌರ್ಬಲ್ಯವಿದೆ. ಅದು ನೀರಿನಲ್ಲಿ ಕರಗದು. ಸುಣ್ಣದ ನೀರಿನಂತೆ ತಳದಲ್ಲಿ ನಿಲ್ಲುತ್ತದೆ. ಕಣ್ಣಿನ ಆಳಕ್ಕೂ ಸುಲಭವಾಗಿ ಇಳಿಯದು. ಆದ್ದರಿಂದ ಹುಣ್ಣು ಮೇಲೆಯೇ ಇರುವಾಗ ಆರಂಭಿಸಬೇಕು, ಮತ್ತೆ ಮತ್ತೆ ಹಾಕುತ್ತಿರಬೇಕು. ಮೊದಲ ದಿನಗಳಲ್ಲಿ ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಂದು ಹನಿ, ರಾತ್ರಿ ಎರಡು ಗಂಟೆಗೊಮ್ಮೆ ಎಂದು ವೈದ್ಯೆ ಹೇಳಿದರು. ಹುಣ್ಣು ಒಣಗುತ್ತ ಬಂದಂತೆ ಅವರೇ ಕಡಿಮೆ ಮಾಡುತ್ತ ಹೋದರು. ನಾನು ಹಳೆಯ ಅಭ್ಯಾಸದಂತೆ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಹಗಲು ನನ್ನ ಪಾಳಿ, ಇರುಳು ನನ್ನ ಹೆಂಡತಿಯ ಪಾಳಿ. "ಏನು ಮೇಷ್ಟ್ರೇ, ನನ್ನ ಕಣ್ಣಿಗೂ ಪಿರಿಯಡ್ಡು ಹಾಕಿಬಿಟ್ಟಿರಲ್ಲ, ಊಟದ ಬೆಲ್ಲು ಯಾವಾಗ ಹೊಡೀತೀರಿ?" ಎಂದು ಅತ್ತಿಗೆ ನಗುತ್ತಿದ್ದರು. ನೋವಿನ ನಡುವೆಯೂ ಅವರಿಗೆ ನಗುವ ಶಕ್ತಿಯಿತ್ತು.

ಆ ದಿನಗಳಲ್ಲಿ ಕಲಿತ ಕ್ರಮವನ್ನು ಓದುಗರಿಗಾಗಿ ಇಲ್ಲಿ ಬರೆಯುತ್ತೇನೆ. ನಾನು ವೈದ್ಯನಲ್ಲ, ಎಷ್ಟು ಹನಿ, ಎಷ್ಟು ದಿನ ಎಂಬುದನ್ನು ಕಣ್ಣು ನೋಡಿದ ವೈದ್ಯರೇ ಹೇಳಬೇಕು.

ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ಬಾಟಲಿಯನ್ನು ಪ್ರತಿಸಲವೂ ಚೆನ್ನಾಗಿ ಕುಲುಕಬೇಕು. ಕುಲುಕದೆ ಹಾಕಿದರೆ ಕಣ್ಣಿಗೆ ಬೀಳುವುದು ಬರಿಯ ನೀರು, ಔಷಧ ತಳದಲ್ಲೇ ಉಳಿಯುತ್ತದೆ. ರೋಗಿಯನ್ನು ಒರಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಒಂದು ಚಿಕ್ಕ ಜೋಳಿಗೆಯಂಥ ಜಾಗ ಕಾಣುತ್ತದೆ. ಹನಿ ಅಲ್ಲಿಗೆ ಬೀಳಬೇಕು. ಒಂದೇ ಹನಿ ಸಾಕು. ಎರಡನೆಯ ಹನಿಗೆ ಕಣ್ಣಿನಲ್ಲಿ ಸ್ಥಳವಿಲ್ಲ, ಅದು ಕೆನ್ನೆಯ ಮೇಲೆ ಹರಿದುಹೋಗುತ್ತದೆ. ಬಾಟಲಿಯ ಮೂತಿ ಕಣ್ಣಿಗೂ ರೆಪ್ಪೆಗೂ ಬೆರಳಿಗೂ ತಾಗಬಾರದು. ಆಮೇಲೆ ಒಂದೆರಡು ನಿಮಿಷ ಕಣ್ಣನ್ನು ಹಗುರವಾಗಿ ಮುಚ್ಚಿಕೊಂಡಿರಬೇಕು, ಹಿಂಡಬಾರದು, ಉಜ್ಜಬಾರದು. ಬೇರೆ ಹನಿಯೂ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು. ಹುಣ್ಣಿನ ಮೇಲೆ, ರೆಪ್ಪೆಯ ಅಂಚಿನಲ್ಲಿ ಬಿಳಿಯ ಪುಡಿ ನಿಂತರೆ ಗಾಬರಿಯಾಗಬೇಕಿಲ್ಲ, ಅದು ಔಷಧದ್ದೇ. ಹನಿ ಹಾಕಿದ ಕೂಡಲೇ ನೋಟ ಮಸುಕಾಗುವುದರಿಂದ ಗಾಡಿ ಓಡಿಸಬಾರದು. ಬಾಟಲಿಗೆ ಬಿಸಿಲು ತಾಗಬಾರದು. ನೋವು ಹೆಚ್ಚಿದರೆ, ನೋಟ ಇನ್ನೂ ಕುಂದಿದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ನಡುವೆ ನಿಲ್ಲಿಸದಿರುವುದು. ಸಾಮಾನ್ಯವಾಗಿ ಈ ಚಿಕಿತ್ಸೆ ಎರಡು ಮೂರು ವಾರವಾದರೂ ನಡೆಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟರೊಳಗೆ ನೋವು ಹೋಗಿರುತ್ತದೆ, ಹುಣ್ಣು ಇರುತ್ತದೆ. ಅತ್ತಿಗೆಯವರೊಡನೆ ಪರೀಕ್ಷೆಗೆ ಬರುತ್ತಿದ್ದ ಒಬ್ಬ ಕೂಲಿಕಾರರಿದ್ದರು. ಹನ್ನೊಂದನೆಯ ದಿನ ನೋವು ಕಡಿಮೆಯಾಯಿತೆಂದು ಅವರು ಕೆಲಸಕ್ಕೆ ಹೋದರು. ಗದ್ದೆಯಲ್ಲಿ ನಿಂತು ಗಂಟೆಗೊಂದು ಹನಿ ಹಾಕಿಕೊಳ್ಳುವುದೆಲ್ಲಿ? ಒಂದು ದಿನದ ಆಸ್ಪತ್ರೆಯೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಮತ್ತೆ ಬಂದಾಗ ಹುಣ್ಣು ತೂತು ಬಿದ್ದಿತ್ತು. ಆ ಕಣ್ಣು ಉಳಿಯಲಿಲ್ಲ. ಅವರನ್ನು ಅಶ್ರದ್ಧೆಯವರೆಂದು ಜರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಅತ್ತಿಗೆಗೆ ಹನಿ ಹಾಕಲು ಪಿಂಚಣಿಯ ಮೈದುನನೊಬ್ಬನಿದ್ದ. ಅವರಿಗೆ ಯಾರೂ ಇರಲಿಲ್ಲ. ಔಷಧ ಒಂದೇ ಆಗಿದ್ದರೂ ಫಲ ಬೇರೆಯಾದದ್ದು ಇದರಿಂದ.

ಅತ್ತಿಗೆಯವರ ಹುಣ್ಣು ಮಾಯಲು ಐದು ವಾರ ಹಿಡಿಯಿತು. ಕಪ್ಪುಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿಯ ಕಲೆ ಉಳಿಯಿತು. ನಡುವೆ ಇರದಿದ್ದುದು ಪುಣ್ಯ. ಯುಗಾದಿಯ ಹೊತ್ತಿಗೆ ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

ಹುಣ್ಣು ಆಳಕ್ಕಿಳಿದು ಔಷಧ ಸೋತಾಗ ಉಳಿಯುವ ದಾರಿ ಕಾರ್ನಿಯಾ ಬದಲಿಸುವ ಶಸ್ತ್ರಚಿಕಿತ್ಸೆ. ಅದಕ್ಕೆ ಯಾರಾದರೂ ಕಣ್ಣು ದಾನ ಮಾಡಿರಬೇಕು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಅವರನ್ನು ನೋಡಿ ನಾಡಿನಲ್ಲಿ ಬಹಳ ಜನ ಮುಂದೆ ಬಂದರು. ಆದರೂ ಬೇಡುವವರು ಹೆಚ್ಚು, ಸಿಗುವ ಕಣ್ಣುಗಳು ಕಡಿಮೆ. ಸೋಂಕಿದ್ದ ಕಣ್ಣಿಗೆ ಕಸಿ ಮಾಡಿದರೂ ಅದು ನಿಲ್ಲುವ ಭರವಸೆ ಕಡಿಮೆ. ಸಕಾಲದಲ್ಲಿ ಬಿದ್ದ ಹನಿಗೆ ಅದು ಸಾಟಿಯಲ್ಲ.

ಉಳಿದ ಔಷಧದ ವಿಷಯವಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಯಾವ ಬಾಟಲಿಯನ್ನೂ ಎಸೆಯುವ ರೂಢಿಯಿಲ್ಲ. ಒಬ್ಬರಿಗೆ ವಾಸಿಯಾದದ್ದು ಇನ್ನೊಬ್ಬರಿಗೂ ಆದೀತೆಂಬ ನಂಬಿಕೆ. ಮಕ್ಕಳಿಗೆ ಬರುವ "ಮದ್ರಾಸ್ ಐ" ಹೆಚ್ಚಾಗಿ ವೈರಸ್ಸಿನಿಂದ ಬರುವಂಥದು, ಅದಕ್ಕೆ ಬೂಷ್ಟಿನ ಔಷಧ ಹಾಕಿ ಪ್ರಯೋಜನವಿಲ್ಲ. ಕಣ್ಣಿನ ಹನಿಯ ಬಾಟಲಿಯನ್ನು ತೆರೆದ ದಿನ ತಾರೀಖು ಬರೆದಿಟ್ಟು, ಒಂದು ತಿಂಗಳಾದ ಮೇಲೆ ಎಸೆದುಬಿಡಬೇಕು.

ಇದನ್ನು ಓದುವವರಲ್ಲಿ ಗದ್ದೆಗಿಳಿಯುವವರು ಕಡಿಮೆಯೆಂದು ನನಗೆ ಗೊತ್ತು. ಆದರೆ ನಿಮ್ಮಲ್ಲಿ ಬಹುಮಂದಿಗೆ ಊರಿನಲ್ಲಿ ಅಣ್ಣನೋ ಚಿಕ್ಕಪ್ಪನೋ ಗೇಯುವ ಆಳುಗಳೋ ಇದ್ದಾರೆ. ಮುಂದಿನ ಸುಗ್ಗಿಗೆ ಹೋಗುವಾಗ ಕೆಲಸಕ್ಕೆ ಹಾಕಿಕೊಳ್ಳುವ ಅಗ್ಗದ ಪ್ಲಾಸ್ಟಿಕ್ ಕನ್ನಡಕಗಳನ್ನು ನಾಲ್ಕು ಕೊಂಡೊಯ್ಯಿರಿ. ಕಣ್ಣಿಗೇನಾದರೂ ಬಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತೊಳೆಯಲು, ಚುಚ್ಚಿಕೊಂಡಿದ್ದರೆ ತಾವೇ ಕೀಳದಿರಲು, ಒಂದು ದಿನದಲ್ಲಿ ಸರಿಹೋಗದಿದ್ದರೆ ಅಂಗಡಿಯ ಹನಿಗೆ ಹೋಗದೆ ಕಣ್ಣಿನ ವೈದ್ಯರ ಬಳಿಗೆ ಹೋಗಲು ಹೇಳಿರಿ. ಕೂಲಿಯವರಿಗೆ ಹಾಗೇನಾದರೂ ಆದರೆ, ಹುಣ್ಣು ಮಾಯುವವರೆಗಿನ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕೈಗಿಡಿರಿ. ಹನಿಯನ್ನು ಬರೆದುಕೊಡುವುದು ವೈದ್ಯರ ಕೆಲಸ. ಅದನ್ನು ಗಂಟೆಗೊಮ್ಮೆ ಹಾಕಿಕೊಳ್ಳುವಷ್ಟು ಬಿಡುವನ್ನು ಅವರಿಗೆ ಕೊಡಬೇಕಾದವರು ನಾವು.