ಹಿಡಿ ಇಲ್ಲದ ಬ್ಯಾಟು

ಸ್ಮರಣ ಸಂಚಿಕೆಗೆ ಆಟೋಟಗಳನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರೆ, ಈ ಭಾಗದ ವಾಚಕರು ಕುಸ್ತಿಯನ್ನೋ ಖೋಖೋವನ್ನೋ ನಿರೀಕ್ಷಿಸುವುದು ಸಹಜ. ವಿಜಯಪುರವು ಸೈಕಲ್ ಪಟುಗಳ ಊರೆಂಬ ಕೀರ್ತಿಯನ್ನೂ ಪಡೆದಿದೆ. ಅವನ್ನೆಲ್ಲ ಬರೆಯಬಲ್ಲ ಅರ್ಹರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಗಣಿತದ ಅಧ್ಯಾಪಕನಾಗಿದ್ದವನು. ಆಟದ ಕೋಣೆಯ ಕೀಲಿಕೈ ಮಾತ್ರ ಬಹಳ ವರ್ಷ ನನ್ನ ಬಳಿ ಇತ್ತು. ಆ ಕೋಣೆಯಲ್ಲಿದ್ದದ್ದು ಒಂದು ಟೇಬಲ್ ಟೆನ್ನಿಸ್ ಮೇಜು ಮತ್ತು ಆರು ಬ್ಯಾಟುಗಳು. ಆದುದರಿಂದ ಬ್ಯಾಟನ್ನು ಆರಿಸುವ, ಕೈಗೆ ಹೊಂದಿಸುವ, ಹಿಡಿಯುವ ಬಗೆಯನ್ನು ಕುರಿತಷ್ಟೇ ಬರೆಯುತ್ತೇನೆ. ವಿಷಯ ಕಿರಿದೆಂದು ತೋರಬಹುದು. ಆದರೆ ಒಬ್ಬ ಬಾಲಕನ ಆಟ ಉಳಿಯುವುದೋ ನಿಲ್ಲುವುದೋ ಎಂಬುದು ಒಮ್ಮೆ ಇಷ್ಟರಲ್ಲಿಯೇ ನಿಂತಿತ್ತು.

ಈ ಆಟದಲ್ಲಿ ಬ್ಯಾಟನ್ನು ಹಿಡಿಯುವ ಬಗೆಗಳು ಮುಖ್ಯವಾಗಿ ಎರಡು. ಒಂದು, ಕುಡುಗೋಲನ್ನು ಹಿಡಿದಂತೆ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದು. ಹಸ್ತಲಾಘವದ ಹಿಡಿತವೆಂದು ಇದನ್ನು ಕರೆಯುತ್ತಾರೆ. ನಮ್ಮ ದೇಶದಲ್ಲಿ ಬಹುತೇಕ ಎಲ್ಲರೂ ಆಡುವುದು ಹೀಗೆಯೇ. ಇನ್ನೊಂದು, ಪಾಟಿಯ ಮೇಲೆ ಬರೆಯುವ ಮಗು ಬಳಪವನ್ನು ಹಿಡಿದಂತೆ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಬ್ಯಾಟಿನ ಕುತ್ತಿಗೆಯನ್ನು ಹಿಡಿದು, ಉಳಿದ ಮೂರು ಬೆರಳುಗಳನ್ನು ಹಲಗೆಯ ಹಿಂದೆ ಊರುವುದು. ಇದು ಲೇಖನಿಯ ಹಿಡಿತ. ಜಪಾನ್, ಚೀನ, ಕೊರಿಯ ದೇಶಗಳಲ್ಲಿ ಇದು ಬಹುಕಾಲ ಮನೆಮಾತಾಗಿತ್ತು.

ನಮಗೆ ಇದು ತೀರ ದೂರದ ಸಂಗತಿಯೆಂದು ಭಾವಿಸಬೇಕಾಗಿಲ್ಲ. 1956ರ ನವೆಂಬರಿನ ತನಕ ನಮ್ಮ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅದೇ ಮುಂಬಯಿಯಲ್ಲಿ 1952ರ ಫೆಬ್ರುವರಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಏಷ್ಯಾ ಖಂಡದಲ್ಲಿ ನಡೆದ ಮೊದಲನೆಯದು ಅದು. ಜಪಾನಿನ ಹಿರೋಜಿ ಸಾಟೋ ಎಂಬಾತ ಲೇಖನಿಯ ಹಿಡಿತದಲ್ಲಿ, ದಪ್ಪ ಸ್ಪಂಜು ಅಂಟಿಸಿದ ಬ್ಯಾಟಿನೊಡನೆ ಬಂದು ಪುರುಷರ ಸಿಂಗಲ್ಸ್ ಗೆದ್ದುಕೊಂಡು ಹೋದನು. ಆ ಸ್ಪಂಜಿನಿಂದ ಚೆಂಡು ಸದ್ದಿಲ್ಲದೆ ಬರುತ್ತಿತ್ತು. ಸದ್ದನ್ನು ಕೇಳಿ ವೇಗವನ್ನು ಅಂದಾಜು ಮಾಡುತ್ತಿದ್ದ ಯೂರೋಪಿನ ನುರಿತ ಆಟಗಾರರಿಗೆ ದಿಕ್ಕು ತೋಚದಂತಾಯಿತು. ಮುಂದೆ 1959ರಲ್ಲಿ ಸ್ಪಂಜಿನ ದಪ್ಪಕ್ಕೆ ಮಿತಿ ಬಂದಿತು. ಮೇಲೆ ರಬ್ಬರಿಲ್ಲದ ಬರಿಯ ಸ್ಪಂಜು ನಿಷಿದ್ಧವಾಯಿತು. ಆದರೆ ಅಂದಿನಿಂದ ಇಂದಿನವರೆಗೂ ಹಲಗೆಯ ಗಾತ್ರಕ್ಕಾಗಲಿ, ಆಕಾರಕ್ಕಾಗಲಿ, ತೂಕಕ್ಕಾಗಲಿ ನಿಯಮವು ಮಿತಿಯನ್ನು ಹಾಕಿಲ್ಲ. ಹಲಗೆ ಸಪಾಟವಾಗಿ, ಬಾಗದಂತಿರಬೇಕು, ಅದರ ದಪ್ಪದಲ್ಲಿ ಶೇಕಡಾ 85 ಭಾಗ ಸಹಜವಾದ ಮರವಿರಬೇಕು, ಅಷ್ಟೇ. ಇಷ್ಟು ಸ್ವಾತಂತ್ರ್ಯ ಕೊಟ್ಟಿರುವ ಆಟ ಬೇರೆ ಯಾವುದಿದೆಯೋ ನಾನು ಕಾಣೆ.

1988ರ ಜೂನಿನಲ್ಲಿ ಟಿಕೋಟಾ ಕಡೆಯ ಒಬ್ಬ ಹುಡುಗ ಒಂಬತ್ತನೆಯ ಇಯತ್ತೆಗೆ ಸೇರಿ ವಸತಿ ನಿಲಯಕ್ಕೆ ಬಂದನು. ಇಂದು ದ್ರಾಕ್ಷಿಯಿಂದಲೂ ಒಣದ್ರಾಕ್ಷಿಯಿಂದಲೂ ಹೆಸರಾದ ಆ ಸೀಮೆಯ ಅನೇಕ ಮನೆಗಳು ಆಗ ಬಿಳಿಜೋಳವನ್ನೇ ನೆಚ್ಚಿಕೊಂಡಿದ್ದವು. ಅವನ ಮನೆಯೂ ಅಂಥದೇ. ಹುಡುಗ ಮಿತಭಾಷಿ. ತರಗತಿಯಲ್ಲಿ ಹೆಸರು ಹಿಡಿದು ಕೂಗಿದರೂ ಎದ್ದು ನಿಲ್ಲುವನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಅವನ ಟ್ರಂಕಿನಲ್ಲಿ ಒಂದು ಬ್ಯಾಟು ಇತ್ತು. ಸೋದರಮಾವನ ಮಗನದಂತೆ, ಹಿಡಿ ಮುರಿದುಹೋಗಿ ಮೂರು ಬೆರಳಗಲದ ಮೋಟು ಮಾತ್ರ ಉಳಿದಿತ್ತು. ಮುಷ್ಟಿಗೆ ಸಿಗದ ಆ ಮೋಟನ್ನು ಅವನು ಬಳಪದಂತೆ ಹಿಡಿಯಲು ಕಲಿತಿದ್ದನು. ಜಪಾನಿನ ಹೆಸರನ್ನು ಭೂಗೋಳದ ಪಾಠದ ಹೊರಗೆ ಅವನು ಕೇಳಿರಲಿಕ್ಕಿಲ್ಲ. ಮುರಿದ ವಸ್ತುವೊಂದು ಅವನಿಗೆ ಕಲಿಸಿಕೊಟ್ಟ ವಿದ್ಯೆ ಅದು.

ಅವನ ಆಟವನ್ನು ನೋಡಿದವರು ಮೊದಲು ನಗುತ್ತಿದ್ದರು, ಎರಡನೆಯ ಗೇಮಿನ ಹೊತ್ತಿಗೆ ಸುಮ್ಮನಾಗುತ್ತಿದ್ದರು. ಈ ಹಿಡಿತದಲ್ಲಿ ಮಣಿಕಟ್ಟು ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗುವುದರಿಂದ ಅವನ ಸರ್ವಿಸಿನ ಚೆಂಡು ಎತ್ತ ಹೊರಳುವುದೆಂದು ಊಹಿಸುವುದೇ ಕಷ್ಟ. ಬಲೆಯ ಸಮೀಪ ಬಿದ್ದ ಗಿಡ್ಡ ಚೆಂಡನ್ನು ಅವನು ಸುಲಭವಾಗಿ ಎತ್ತಿಹಾಕುತ್ತಿದ್ದನು. ಚೆಂಡು ನೇರ ಮೈಮೇಲೆ ಬಂದಾಗ ಮುಷ್ಟಿಯ ಹಿಡಿತದವರು ಯಾವ ಮಗ್ಗುಲಿನಿಂದ ಹೊಡೆಯಲೆಂದು ಅರೆಕ್ಷಣ ತಡವರಿಸುತ್ತಾರೆ. ಎರಡೂ ಕಡೆಗೆ ಒಂದೇ ಮುಖವನ್ನು ಬಳಸುವ ಇವನಿಗೆ ಆ ಗೊಂದಲವಿರಲಿಲ್ಲ. ದೌರ್ಬಲ್ಯವೂ ಇತ್ತು. ಎಡಮೂಲೆಗೆ ಬಂದ ಚೆಂಡನ್ನು ತಡೆಯುವುದಾಗುತ್ತಿತ್ತು, ಬಲವಾಗಿ ಹೊಡೆಯುವುದಾಗುತ್ತಿರಲಿಲ್ಲ. ಅದಕ್ಕಾಗಿ ಅವನು ಮೇಜಿನ ಎಡಬದಿಯನ್ನು ಸುತ್ತುವರಿದು ಓಡಿ ಫೋರ್‌ಹ್ಯಾಂಡಿನಿಂದ ಹೊಡೆಯುತ್ತಿದ್ದನು. ಈ ಹಿಡಿತದ ಆಟಗಾರನು ಕಾಲಿನಿಂದ ಆಡಬೇಕೆಂದು ಬಲ್ಲವರು ಹೇಳುವುದು ಇದೇ ಕಾರಣಕ್ಕೆ.

ಆ ಶ್ರಾವಣದಲ್ಲಿ ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು ನಮ್ಮ ಮಕ್ಕಳ ಆಟವನ್ನು ನೋಡಿದರು. "ಈ ಹಿಡಿತ ನಮ್ಮವರಿಗೆ ಒಗ್ಗುವುದಲ್ಲ, ಈಗಲೇ ಬಿಡಿಸಿರಿ. ಬಿಡದಿದ್ದರೆ ತಂಡದಲ್ಲಿ ಸೇರಿಸಬೇಡಿರಿ" ಎಂದು ಹೇಳಿ ಹೋದರು. ಅವರ ಮಾತಿಗೆ ಬೆಲೆ ಕೊಟ್ಟು ಶಾಲೆಯ ಒಳ್ಳೆಯ ಬ್ಯಾಟೊಂದನ್ನು ಅವನ ಕೈಗಿತ್ತು ಹದಿನೈದು ದಿನ ನೋಡಿದೆವು. ಚೆಂಡು ಗೋಡೆಗೆ, ಕಿಟಕಿಗೆ, ಒಮ್ಮೆ ನನ್ನ ಕನ್ನಡಕಕ್ಕೂ ಬಡಿಯಿತು. ಹದಿನಾರನೆಯ ದಿನ ಹುಡುಗ ಆಟದ ಕೋಣೆಗೆ ಬರಲಿಲ್ಲ, ಮರುದಿನವೂ ಇಲ್ಲ. ವಿಚಾರಿಸಿದರೆ, "ನನಗ ಆಟ ಬರೂದಿಲ್ರಿ ಸರ" ಎಂದಷ್ಟೇ ನುಡಿದನು. ಬರುವ ಆಟವನ್ನು ಬಿಡಿಸಿ, ಆಟವೇ ಬರುವುದಿಲ್ಲವೆಂದು ಅವನು ನಂಬುವಂತಾದದ್ದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಕೈಯನ್ನು ಬ್ಯಾಟಿಗೆ ಹೊಂದಿಸುವುದರ ಬದಲು ಬ್ಯಾಟನ್ನೇ ಕೈಗೆ ಹೊಂದಿಸಬಾರದೇಕೆಂದು ಯೋಚಿಸಿದೆನು. ಬಬಲೇಶ್ವರದಲ್ಲಿ ನನಗೆ ಪರಿಚಿತರಾದ ವೃದ್ಧ ಬಡಿಗರೊಬ್ಬರಿದ್ದರು. ಒಂದು ಆದಿತ್ಯವಾರ ಹುಡುಗನನ್ನೂ ಅವನ ಮೋಟು ಬ್ಯಾಟನ್ನೂ ಕರೆದುಕೊಂಡು ಜಮಖಂಡಿಯ ಬಸ್ಸು ಹತ್ತಿದೆನು.

ಬಡಿಗರು ಬ್ಯಾಟನ್ನು ತಿರುವಿ ಮುರುವಿ ನೋಡಿದರು. "ಸರ, ಕುಡಗೋಲಿಗಿ, ಕೊಡ್ಲಿಗಿ, ಕುರ್ಚಗಿಗಿ ಎಲ್ಲಾಕ್ಕೂ ಹಿಡಿ ಹಾಕೀನ್ರಿ. ಹಿಡಿ ಇಲ್ಲದ್ದನ್ನ ಹಿಡಿಯಂಗ ಮಾಡು ಅಂದವರು ನೀವ ಮೊದಲ್ರಿ" ಎಂದು ನಕ್ಕರು. ಬಳಿಕ ಹುಡುಗನತ್ತ ತಿರುಗಿ, "ತಮ್ಮಾ, ಹಿಡದ ತೋರಸು. ನನಗ ತೋರ್ಸಾಕ ಹಿಡೀಬ್ಯಾಡ, ಆಡುವಾಗ ಹ್ಯಾಂಗ ಹಿಡೀತಿ ಹಂಗ ಹಿಡಿ" ಎಂದರು. ನನ್ನ ಬೋಧನಾನುಭವದಲ್ಲಿ ಇದಕ್ಕಿಂತ ಉತ್ತಮವಾದ ಪರೀಕ್ಷಾ ಪ್ರಶ್ನೆಯನ್ನು ನಾನು ಕೇಳಿದ್ದಿಲ್ಲ. ಹುಡುಗ ಹಿಡಿದನು. ಹೆಬ್ಬೆರಳ ಬುಡದಲ್ಲಿ ಕೆಂಪಗೆ ದಡ್ಡುಗಟ್ಟಿತ್ತು. ತೋರುಬೆರಳ ಒಳಮಗ್ಗುಲಲ್ಲಿಯೂ ಹಾಗೆಯೇ. ಹಲಗೆಯ ಹೆಗಲಿನ ಚೂಪು ಅಂಚು ಅಲ್ಲಿ ಒತ್ತುತ್ತಿತ್ತು. ನೋವಾದಲ್ಲಿ ಕೈ ಬಿಗಿಯುತ್ತದೆ, ಬಿಗಿದ ಕೈಯಲ್ಲಿ ಮಣಿಕಟ್ಟು ತಿರುಗುವುದಿಲ್ಲ.

ಬಡಿಗರು ಸೀಸದ ಕಡ್ಡಿಯಿಂದ ಬೆರಳು ಕೂತ ಜಾಗಗಳನ್ನು ಗುರುತು ಮಾಡಿಕೊಂಡರು. ಹೆಬ್ಬೆರಳು ಬರುವ ಹೆಗಲನ್ನು ಅರದಿಂದ ಓರೆಯಾಗಿ ಇಳಿಸಿದರು. ತೋರುಬೆರಳ ಕಡೆ ಅದಕ್ಕಿಂತ ಕಡಿಮೆ, ಅಂಚು ದುಂಡಗಾಗುವಷ್ಟು ಮಾತ್ರ. ಅನಂತರ ಉಸುಕಿನ ಕಾಗದದಿಂದ ನಯಗೊಳಿಸಿದರು. ನಾನು ಇನ್ನಷ್ಟು ತೆಗೆಯಲು ಹೇಳಿದಾಗ ಅವರು ಒಪ್ಪಲಿಲ್ಲ. ಎರಡು ದಿನ ಆಡಲಿ, ಒತ್ತುವಲ್ಲಿ ಮತ್ತೆ ತಾನೇ ಉಜ್ಜಿಕೊಳ್ಳಲಿ, ತೆಗೆದ ಮರ ತಿರುಗಿ ಬರುವುದಿಲ್ಲ ಎಂಬುದು ಅವರ ವಾದ. ಇಂದಿಗೂ ಇದು ಸರಿಯಾದ ಕ್ರಮ. ಹೊಸ ಬ್ಯಾಟನ್ನು ಕೊಂಡವರು ಒಂದೇ ಸಂಜೆಗೆ ಕೆತ್ತಿ ಮುಗಿಸುವುದನ್ನು ಕಂಡಿದ್ದೇನೆ. ಅವರಲ್ಲಿ ಅನೇಕರು ತಿಂಗಳೊಳಗೆ ಇನ್ನೊಂದು ಬ್ಯಾಟನ್ನು ಕೊಂಡುಕೊಂಡರು.

ಮೋಟಿಗೆ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ಕಛೇರಿಯ ಒಡೆದ ಥರ್ಮಾಸ್ ಫ್ಲಾಸ್ಕಿನಿಂದ. ಅದರ ಬಿರಡೆಯನ್ನು ನಾನು ಜೊತೆಗೆ ಒಯ್ದಿದ್ದೆನು. ಜಪಾನಿನ ಲೇಖನಿ ಬ್ಯಾಟುಗಳಲ್ಲಿ ಹಿಡಿಯ ಒಂದು ಮುಖದಲ್ಲಿ ಎತ್ತರವಾದ ಬೆಂಡು ಇರುತ್ತದೆ, ತೋರುಬೆರಳು ಅದಕ್ಕೆ ಕೊಕ್ಕೆಯಂತೆ ತಗುಲಿಕೊಳ್ಳುತ್ತದೆ ಎಂಬುದನ್ನು ಒಂದು ಪತ್ರಿಕೆಯ ಚಿತ್ರದಲ್ಲಿ ನೋಡಿದ್ದೆನು. ಬೆಂಡು ಹಗುರ, ಬೆವರನ್ನೂ ತಾಳುತ್ತದೆ. ನಮ್ಮ ಬೇಸಗೆಯನ್ನು ಬಲ್ಲವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಬಡಿಗರು ಬಿರಡೆಯನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಮೋಟಿನ ಮುಂಬದಿಗೆ ಅಂಟಿಸಿ, ಹುಡುಗನ ಬೆರಳನ್ನೇ ಅಳತೆಗೋಲು ಮಾಡಿಕೊಂಡು ಕೆತ್ತಿದರು. ಹಿಡಿಯ ಸಮೀಪ ಬೆರಳು ಊರುವ ಭಾಗವನ್ನು ಬರಿದಾಗಿ ಬಿಡಲು, ಬೇರೆ ವಸ್ತುವಿನಿಂದ ಮುಚ್ಚಲು ನಿಯಮದಲ್ಲಿ ಅವಕಾಶವಿದೆ. ಕೂಲಿಯೆಂದು ಅವರು ಚಹಾದ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ.

ಹಿಂಬದಿಯ ರಬ್ಬರನ್ನು ಕಿತ್ತುಹಾಕಿದೆವು. ಹಿಡಿ ಇಲ್ಲದ ಬ್ಯಾಟಿಗೆ ತಲೆಯ ಭಾರವೇ ಹೆಚ್ಚು. ರಬ್ಬರು ಹಾಳೆ, ಸ್ಪಂಜು ಸೇರಿ ಸುಮಾರು 40 ಗ್ರಾಂ ತೂಗುತ್ತದೆ. ಒಂದೇ ಮುಖದಿಂದ ಆಡುವವನು ಆ ಭಾರವನ್ನು ಬೆರಳ ತುದಿಯಲ್ಲಿ ಹೊರುವುದೇಕೆ? ಮುಂಬದಿಯ ಕಪ್ಪು ರಬ್ಬರಿನ ಅಂಚು ಎದ್ದಿತ್ತು. ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್ನಿನಿಂದ ಅದನ್ನು ಕೂಡಿಸಿದೆವು. ಯೂರೋಪಿನ ಆಟಗಾರರು 1970ರ ದಶಕದಲ್ಲಿ ಇಂಥದೇ ಅಂಟನ್ನು ಆಟಕ್ಕೆ ಮುನ್ನ ಹಸಿಯಾಗಿ ಬಳಿದು, ಸ್ಪಂಜು ಉಬ್ಬಿ ಚೆಂಡಿನ ವೇಗ ಹೆಚ್ಚುವುದನ್ನು ಕಂಡುಕೊಂಡರೆಂದು ಆಮೇಲೆ ಓದಿದೆನು. ಅದರ ಆವಿ ಆರೋಗ್ಯಕ್ಕೆ ಹಾನಿಕರವೆಂದು 2008ರಿಂದ ನಿಷೇಧವಿದೆ. ಇಂದಿನ ಮಕ್ಕಳು ನೀರಿನ ಅಂಟನ್ನೇ ಬಳಸತಕ್ಕದ್ದು.

ಇನ್ನೊಂದು ತೊಡಕು ಉಳಿದಿತ್ತು. ಬ್ಯಾಟಿನ ಒಂದು ಮುಖ ಕಪ್ಪು, ಇನ್ನೊಂದು ಉಜ್ವಲ ಕೆಂಪು ಇರಬೇಕೆಂಬ ನಿಯಮ 1986ರಿಂದ ಜಾರಿಯಲ್ಲಿತ್ತು. ರಬ್ಬರಿಲ್ಲದ ಮುಖಕ್ಕೂ ಅದು ಅನ್ವಯಿಸುತ್ತಿತ್ತು. ಬಣ್ಣವು ಹೊಳೆಯಲೂ ಕೂಡದು. ಕೆಂಪು ಬಣ್ಣ ಎಲ್ಲಿಂದ ತರುವುದು? ಹುಡುಗನೇ ಊರಿನಿಂದ ತಂದನು. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣ! ಎರಡು ಕೈ ಬಳಿದು, ಒಣಗಿದ ಮೇಲೆ ಉಸುಕಿನ ಕಾಗದದಿಂದ ಹೊಳಪನ್ನು ಮುರಿದನು. ಜಿಲ್ಲಾ ಮಟ್ಟದ ಪಂದ್ಯದಲ್ಲಿ ಅಂಪೈರು ಆ ಬ್ಯಾಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿ, ತಿರುಗಿ ಕೊಟ್ಟರು.

ಹಿಡಿತವನ್ನು ಮಾತಿನಿಂದ ಕಲಿಸುವುದು ಕಷ್ಟ. ಹೆಬ್ಬೆರಳು ಬಿಗಿದರೆ ಹಲಗೆಯ ತುದಿ ಕೆಳಗಿಳಿಯುತ್ತದೆ. ತೋರುಬೆರಳು ಬಿಗಿದರೆ ಹಲಗೆ ಹೊರಕ್ಕೆ ತೆರೆದುಕೊಳ್ಳುತ್ತದೆ. ಹಿಂದಿನ ಮೂರು ಬೆರಳುಗಳನ್ನು ಚೀನೀಯರು ಮಡಿಚುತ್ತಾರೆ, ಜಪಾನೀಯರು ನೀಡುತ್ತಾರೆ. ಮಡಿಚಿದರೆ ಮಣಿಕಟ್ಟು ಚುರುಕು, ನೀಡಿದರೆ ಫೋರ್‌ಹ್ಯಾಂಡಿನ ಹೊಡೆತಕ್ಕೆ ಬಲ. ನಾನು ಇದನ್ನೆಲ್ಲ ಕೋನಮಾನದ ಭಾಷೆಯಲ್ಲಿ ವಿವರಿಸುತ್ತಿರುವಾಗ ಹುಡುಗ ನಡುವೆ ಬಾಯಿಹಾಕಿ ಕೇಳಿದನು: "ಬಿತ್ತುವಾಗ ಅವ್ವ ಕೂರಿಗಿ ಬಟ್ಟಲಾಗ ಕಾಳು ಬಿಡ್ತಾಳಲ್ರಿ ಸರ, ಹಂಗೇನ್ರಿ?" ಬೀಜ ಬಿಡುವ ಕೈಯನ್ನು ಬಲ್ಲವರಿಗೆ ಅದರ ಹದ ಗೊತ್ತು. ಮುಷ್ಟಿ ಬಿಗಿದರೆ ಕಾಳು ಇಳಿಯದು, ಸಡಿಲಾದರೆ ಒಂದೆಡೆಗೇ ಸುರಿಯುವುದು. ಹೌದು, ಹಾಗೆಯೇ ಎಂದೆನು. ಕೋನಮಾನದ ಮಾತು ಅಲ್ಲಿಗೆ ಮುಗಿಯಿತು.

ಅವನು ಆ ಪಂದ್ಯಾವಳಿಯಲ್ಲಿ ಎರಡು ಪಂದ್ಯಗಳನ್ನು ಗೆದ್ದು ಮೂರನೆಯದರಲ್ಲಿ ಸೋತನು. ಎದುರಾಳಿ ಜಾಣ, ಚೆಂಡನ್ನೆಲ್ಲ ಎಡಮೂಲೆಗೇ ಹಾಕಿದನು. ಆಗಿನ್ನೂ 21 ಅಂಕಗಳ ಗೇಮು. ಕೊನೆಯ ಗೇಮಿನಲ್ಲಿ 18ರ ತನಕ ಓಡಿ ಓಡಿ ಹೊಡೆದ ಹುಡುಗ ಅನಂತರ ಕಾಲು ಸೋತನು. ಮರುದಿನ ಸಂಜೆ ಆಟದ ಕೋಣೆಯ ಬಾಗಿಲು ತೆರೆಯುವ ಮುಂಚೆಯೇ ಬಂದು ನಿಂತಿದ್ದನು. ನಾನು ಅಪೇಕ್ಷಿಸಿದ್ದು ಅಷ್ಟನ್ನೇ.

ಆ ಎಡಮೂಲೆಯ ಪ್ರಶ್ನೆಗೆ ಉತ್ತರ ಬಂದದ್ದು ಚೀನದಿಂದ. ಬ್ಯಾಟಿನ ಹಿಂಬದಿಗೂ ರಬ್ಬರು ಅಂಟಿಸಿ, ಮಣಿಕಟ್ಟನ್ನು ತಿರುಗಿಸಿ ಆ ಮುಖದಿಂದಲೇ ಬ್ಯಾಕ್‌ಹ್ಯಾಂಡ್ ಹೊಡೆಯುವ ವಿದ್ಯೆಯನ್ನು 1990ರ ದಶಕದಲ್ಲಿ ಲ್ಯೂ ಗ್ವೊಲಿಯಾಂಗ್ ದೊಡ್ಡ ಪಂದ್ಯಗಳಲ್ಲಿ ಆಡಿ ತೋರಿಸಿದನು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದನು. ವಾಂಗ್ ಹಾವೊ ಅದನ್ನೇ ತನ್ನ ಮುಖ್ಯ ಬ್ಯಾಕ್‌ಹ್ಯಾಂಡ್ ಮಾಡಿಕೊಂಡು 2009ರಲ್ಲಿ ವಿಶ್ವ ಚಾಂಪಿಯನ್ ಆದನು. ನಾವು ಎತ್ತಿನ ಕೋಡಿನ ಬಣ್ಣ ಬಳಿದು ಬಿಟ್ಟ ಮುಖವೇ ಅದು. ಹಾಗೆಂದು ಒಂದೇ ಮುಖದ ಆಟ ಸತ್ತುಹೋಯಿತೆಂದಲ್ಲ. ಕೊರಿಯದ ರ‍್ಯೂ ಸಂಗ್-ಮಿನ್ 2004ರ ಅಥೆನ್ಸ್ ಫೈನಲಿನಲ್ಲಿ ಹಳೆಯ ಜಪಾನೀ ಮಾದರಿಯ ಬ್ಯಾಟಿನಿಂದ ಇದೇ ವಾಂಗ್ ಹಾವೊನನ್ನು ಸೋಲಿಸಿದನು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಪಡೆದ ಫೆಲಿಕ್ಸ್ ಲೆಬ್ರನ್ ಫ್ರಾನ್ಸಿನ ತರುಣ. ಅವನದೂ ಲೇಖನಿಯ ಹಿಡಿತವೇ. ಯಾವ ಹಿಡಿತ ಯಾರಿಗೆ ಒಗ್ಗದೆಂದು ದೇಶವನ್ನು ನೋಡಿ ಹೇಳುವ ತಜ್ಞರು ಈಗ ಏನೆನ್ನುವರೋ ತಿಳಿಯದು.

ಆಟದ ಕೋಣೆಗೆ ಸಾಮಗ್ರಿ ಒದಗಿಸುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಅರಿಕೆ. ಬ್ಯಾಟುಗಳನ್ನು ಡಜನ್ ಲೆಕ್ಕದಲ್ಲಿ ಒಂದೇ ಮಾದರಿಯವನ್ನು ತರಿಸಬೇಡಿರಿ. ಆರರಲ್ಲಿ ಎರಡಾದರೂ ಗಿಡ್ಡ ಹಿಡಿಯ, ಹಗುರವಾದ ಲೇಖನಿ ಹಲಗೆಗಳಿರಲಿ. ರಬ್ಬರನ್ನು ಬೇರೆಯಾಗಿ ತರಿಸಿರಿ. ಒಂದು ಮುಖಕ್ಕೋ ಎರಡಕ್ಕೋ ಎಂಬುದನ್ನು ಆಡುವ ಮಗುವಿನ ಕೈಯನ್ನು ನೋಡಿ ಅಧ್ಯಾಪಕರು ನಿರ್ಧರಿಸಲಿ. ನಮ್ಮ ಧೂಳಿಗೆ ರಬ್ಬರು ಬೇಗ ಮಾಸುವುದರಿಂದ ಪ್ರತಿದಿನ ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಿಡಬೇಕು. ಜೊತೆಗೆ ಒಂದು ಅರ, ನಾಲ್ಕು ಹಾಳೆ ಉಸುಕಿನ ಕಾಗದ ಮತ್ತು ಒಂದು ತುಂಡು ಬೆಂಡು ಕಪಾಟಿನಲ್ಲಿರಲಿ.