ದೂರದಿಂದ ಪ್ರತ್ಯಕ್ಷ

ಮೂವತ್ತು ವರ್ಷಕಾಲ ಸಂಸ್ಕೃತವನ್ನು ಬೋಧಿಸಿ ಈಗ ಬ್ರೂಸ್‌ಪೇಟೆಯಲ್ಲಿ ವಿಶ್ರಾಂತನಾಗಿರುವ ಉಪಾಧ್ಯಾಯನಿಗೆ ಯಂತ್ರವಿದ್ಯೆಯ ಮಾತನಾಡಲು ಅಧಿಕಾರವೇನು ಎಂದು ವಾಚಕರು ಕೇಳಬಹುದು. ಯಂತ್ರದಲ್ಲಿ ನನಗೆ ಅಧಿಕಾರವಿಲ್ಲ; ಆದರೆ ಯಾವುದು ಪ್ರತ್ಯಕ್ಷ, ಯಾವುದು ಬರಿಯ ತೋರಿಕೆ ಎಂಬ ವಿಚಾರವು ನಾನು ಓದಿದ ಶಾಸ್ತ್ರಕ್ಕೆ ಸೇರಿದ್ದು. ಅದೇ ವಿಚಾರವು ಈಚೆಗೆ ನಮ್ಮ ಮನೆಯಲ್ಲಿಯೇ ಎದ್ದಿತು.

ನನ್ನ ಕಿರಿಯ ಮಗಳು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಅವಳ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಯಂತ್ರದ ಸುತ್ತ ಹತ್ತು ಮಂದಿ. ಒಬ್ಬನ ಕೈ ತಿರುಪಿನ ಮೇಲೆ, ಉಳಿದವರ ಕೈ ನಕಲಿನ ಮೇಲೆ. ಹೆಣ್ಣುಮಕ್ಕಳಿಗೆ ಹಿಂದಿನ ಸಾಲು. “ಅಪ್ಪಾ, ನಾನು ಕಲಿಯುತ್ತಿರುವುದು ಬರವಣಿಗೆಯನ್ನೇ ಹೊರತು ವಿದ್ಯೆಯನ್ನಲ್ಲ, ಓದು ಬಿಟ್ಟುಬಿಡಲೇ?” ಎಂದು ಒಮ್ಮೆ ಕೇಳಿದಳು. ಅಂಥವಳು ಈಗ ಗಣಕಯಂತ್ರದ ಬ್ರೌಸರಿನ ಮೂಲಕ ದೂರದ ಪ್ರಯೋಗಶಾಲೆಯೊಂದರ ಸಲಕರಣೆಯನ್ನು, ಸರದಿ ಬಂದಾಗ, ತಾನೊಬ್ಬಳೇ ನಡೆಸುತ್ತಾಳೆ. ಒಂದು ತುದಿ ಬಿಗಿದ ಲೋಹದ ಪಟ್ಟಿ. ಇಲ್ಲಿ ಇವಳು ಗುಂಡಿಯೊತ್ತಿದರೆ ಅಲ್ಲಿ ಅದು ಕಂಪಿಸುವುದು. ಅಲುಗಿಸುವ ಆವೃತ್ತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದಂತೆ, ಅದು ಪಟ್ಟಿಯ ಸ್ವಾಭಾವಿಕ ಆವೃತ್ತಿಗೆ ಹೊಂದಿದೊಡನೆ ಕುಣಿತವು ಒಮ್ಮೆಲೇ ಹೆಚ್ಚುವುದು. ಅಳತೆಯು ಅಂಕಿಗಳಾಗಿಯೂ ನೋಟವು ಕ್ಯಾಮೆರಾದ ಮೂಲಕವೂ ನಮ್ಮ ಮನೆಗೆ ಬರುವುವು.

ಇದೇನೂ ನಿನ್ನೆಯ ಸಾಹಸವಲ್ಲ. ಅಮೆರಿಕೆಯ ಎಂ.ಐ.ಟಿ.ಯಲ್ಲಿ ಪ್ರೊಫೆಸರ್ ಹೆಸೂಸ್ ದೆಲ್ ಅಲಾಮೊ ಅವರು 1998ರಲ್ಲಿಯೇ ಟ್ರಾನ್ಸಿಸ್ಟರುಗಳನ್ನು ಪರೀಕ್ಷಿಸುವ ಉಪಕರಣವನ್ನು ಅಂತರ್ಜಾಲಕ್ಕೆ ಜೋಡಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ನಮ್ಮ ದೇಶದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಣ ಯೋಜನೆಯೊಂದರ ಅಂಗವಾಗಿ ‘ವರ್ಚುವಲ್ ಲ್ಯಾಬ್ಸ್’ ಏರ್ಪಟ್ಟಿತು, ಸುರತ್ಕಲ್ಲಿನ ಎನ್.ಐ.ಟಿ.ಯೂ ಅದರಲ್ಲಿ ಪಾಲುಗೊಂಡಿದೆ. ಇನ್ನು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದರ್ಪಣದ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತ ಖಗೋಳಜ್ಞರು ಉಪಗ್ರಹದ ಮೂಲಕ ತಿರುಗಿಸುತ್ತಾರೆ.

“ಅಡಿಗೆಯ ಚಿತ್ರವನ್ನು ನೋಡಿದರೆ ಹಸಿವು ಹಿಂಗೀತೇ?” ಎಂಬುದು ನನ್ನ ಗೃಹಿಣಿಯ ಆಕ್ಷೇಪ. ಅದು ಹುರುಳಿಲ್ಲದ ಮಾತಲ್ಲ. ಇಂದ್ರಿಯವೂ ವಿಷಯವೂ ಕೂಡಿದಾಗ ಹುಟ್ಟುವ ಜ್ಞಾನವನ್ನು ನೈಯಾಯಿಕರು ಪ್ರತ್ಯಕ್ಷವೆನ್ನುತ್ತಾರೆ. ಇಲ್ಲಿಯೋ ನಡುವೆ ಬಹುದೂರದ ತಂತಿಯಿದೆ. ಆದರೆ ಇಂಥ ಪ್ರಯೋಗಗಳಲ್ಲಿ ಎರಡು ಬಗೆಗಳುಂಟು: ಗಣಿತಸೂತ್ರದಿಂದ ಕಟ್ಟಿದ ಅನುಕರಣವೊಂದು, ನಿಜವಾದ ಸಲಕರಣೆಯನ್ನೇ ದೂರದಿಂದ ನಡೆಸುವುದು ಇನ್ನೊಂದು. ಈ ಭೇದವನ್ನು ಮಗಳೇ ತೋರಿಸಿದಳು. ಒಂದೇ ಅಳತೆಯನ್ನು ಮೂರು ಸಲ ತೆಗೆದಳು. ಮೂರು ಸಲವೂ ಕೊನೆಯ ಅಂಕಿ ಕೊಂಚ ಬೇರೆಯಾಗಿ ಬಂದಿತು. ಬರಿಯ ಸೂತ್ರವಾಗಿದ್ದರೆ ಮೂರೂ ಒಂದೇ ಆಗುತ್ತಿದ್ದವು. ನಮ್ಮ ಎಣಿಕೆಗೆ ಪೂರ್ತಿಯಾಗಿ ಒಗ್ಗದಿರುವುದೇ ನಿಜವಸ್ತುವಿನ ಲಕ್ಷಣವಲ್ಲವೇ? ಕನ್ನಡಕದಿಂದ ಕಂಡುದನ್ನು ಕಂಡೆವೆನ್ನುವ ನಾವು ಇದನ್ನು ಅಲ್ಲಗಳೆಯುವುದು ಹೇಗೆ?

ಇಷ್ಟಾದರೂ ಸ್ಪರ್ಶದ ಪಾಠವು ಇದರಿಂದ ದೊರೆಯದು. ತಿರುಪನ್ನು ಎಷ್ಟು ಬಿಗಿದರೆ ಸಾಕು, ತಂತಿ ಎಷ್ಟು ಕಾದರೆ ಅಪಾಯ ಎಂಬುದನ್ನು ಬೆರಳೇ ಅರಿಯಬೇಕು. ಆದುದರಿಂದ ದೂರದ ಯಂತ್ರವಿದೆಯೆಂದು ಹತ್ತಿರದ ಪ್ರಯೋಗಶಾಲೆಗೆ ಬೀಗ ಹಾಕುವುದು ತರವಲ್ಲ. ಹಾಗೆಯೇ, ಪರದೆಯ ಮುಂದೆ ಕುಳಿತ ಮಕ್ಕಳನ್ನೆಲ್ಲ ಕಾಲಹರಣ ಮಾಡುವವರೆಂದು ಗದರಿಸುವುದೂ ತರವಲ್ಲ. ಗೃಹಸ್ಥರು ಒಂದು ಗಳಿಗೆ ಪಕ್ಕದಲ್ಲಿ ಕುಳಿತು, “ಈ ಸಲ ಅಂಕಿ ಎಷ್ಟು ಬಂತು? ಹೋದ ಸಲಕ್ಕಿಂತ ಬೇರೆಯೇಕೆ?” ಎಂದು ಕೇಳಲಿ. ಉತ್ತರ ಕೊಡಬಲ್ಲ ಮಗುವು ಹಿಂದಿನ ಸಾಲಿನಲ್ಲಿಲ್ಲವೆಂದು ತಿಳಿಯಬಹುದು.