ಬೆನ್ನಿನ ನೀರು (ಭಾಗ 3)

ದೊಡ್ಡಪ್ಪನ ಮಗನಿಗೆ ಮೂರು ವಾರ ಸಣ್ಣ ಜ್ವರ, ತಲೆನೋವು. ಆಮೇಲೆ ವಾಂತಿ, ಮಾತು ತೊದಲು. ಗದ್ದ ಎದೆಗೆ ತಾಗಿಸೋಕೇ ಆಗ್ಲಿಲ್ಲ, ಕುತ್ತಿಗೆ ಅಷ್ಟು ಬಿಗಿ. ಡಾಕ್ಟರ್ ಸ್ಕ್ಯಾನ್ ನೋಡಿ, 'ಮೆನಿಂಜೈಟಿಸ್ ಇರಬಹುದು, ಬೆನ್ನಿಂದ ನೀರು ತೆಗೀಬೇಕು' ಅಂದ್ರು. ಅಂದ್ರೆ ಮಿದುಳು ಸುತ್ತಿರೋ ಪೊರೆಯ ಉರಿಯೂತ. ದೊಡ್ಡಮ್ಮ ಸಹಿ ಹಾಕೋಕೆ ಒಪ್ಪಲಿಲ್ಲ. 'ಸೊಂಟ ಬಿದ್ದೋಗುತ್ತಂತೆ, ನನ್ ಮಗ ನಡೆಯೋದ್ ಬೇಡ್ವಾ?'

ಈ ಭಯ ಎಷ್ಟು ಮನೆಗಳಲ್ಲಿದೆಯೋ! ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತೆ ಕಣ್ರೋ, ಸೂಜಿ ಹೋಗೋದು ಅದಕ್ಕಿಂತ ಕೆಳಗೆ. ಕೆಲವರಿಗೆ ನಾಲ್ಕು ದಿನ ತಲೆನೋವು ಇರುತ್ತೆ, ನಿಜ. ಆದ್ರೆ ಯಾವ ಥರದ್ದು ಅಂತ ಹೇಳೋದು ಆ ಹನಿಗಳೇ. ಬ್ಯಾಕ್ಟೀರಿಯಾದ್ದಾದ್ರೆ ನೀರು ಸಾಮಾನ್ಯವಾಗಿ ಕದಡಿರುತ್ತೆ, ಅದರಲ್ಲಿ ಸಕ್ಕರೆ ಇಳಿದಿರುತ್ತೆ. ಇದು ಒಂದೇ ದಿನದಲ್ಲಿ ಜೀವ ತೆಗೀಬಹುದು, ಅದಕ್ಕೇ ರಿಪೋರ್ಟಿಗೆ ಕಾಯದೆ ಸೆಫ್ಟ್ರಿಯಾಕ್ಸೋನ್ ಥರದ ಆಂಟಿಬಯಾಟಿಕ್ ನರಕ್ಕೆ ಏರಿಸ್ತಾರೆ. ವೈರಸ್‌ದು ಹೆಚ್ಚಾಗಿ ತಾನಾಗೇ ವಾಸಿಯಾಗುತ್ತೆ.

ಟಿಬಿದು ಮಾತ್ರ ಕಳ್ಳ. ವಾರಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. 'ಕೆಮ್ಮೇ ಇಲ್ಲ, ಟಿಬಿ ಹೆಂಗೆ?' ಅಂತ ದೊಡ್ಡಪ್ಪ. ಕೆಮ್ಮು ಇರಲೇಬೇಕು ಅಂತಿಲ್ಲ, ಟಿಬಿ ಶ್ವಾಸಕೋಶದಲ್ಲೇ ಕೂರಲ್ಲ.

ಅಣ್ಣಂಗೆ ಬಂದಿದ್ದು ಅದೇ. ಸಂಜೆ ಹೊತ್ತಿಗೆ ಅತ್ತಿಗೆನೇ ಸಹಿ ಹಾಕಿದ್ರು, ಯಾರನ್ನೂ ಕೇಳದೆ. ಆ ಮನೇಲಿ ಅದು ಸಣ್ಣ ವಿಷಯ ಅಲ್ಲ. ಮೊದಮೊದಲು ಸ್ಟೀರಾಯ್ಡ್, ಜೊತೆಗೆ ಟಿಬಿ ಮಾತ್ರೆ, ಒಟ್ಟು 12 ತಿಂಗಳು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. ಈಗ 7ನೇ ತಿಂಗಳು. ನಡೀತಾನೆ, ಬೈಕೂ ಓಡಿಸ್ತಾನೆ, ಎಡಗಿವಿ ಮಾತ್ರ ಸರಿಯಾಗಿ ಕೇಳಲ್ಲ. ಲಸಿಕೆ ವಿಷಯ ಭಾಗ 4ರಲ್ಲಿ, ಇಂಟರ್ನಲ್ಸ್ ಮುಗಿದ ಮೇಲೆ.